ಮುನಿಯಕ್ಕನ ಒಂದು ದಿನದ ಕಾಮಾಲೆ

ಸಿವಿಲ್ ದಾವೆಯಲ್ಲಿ ಸೋತವರಿಗೆ ಮೇಲಿನ ಕೋರ್ಟಿಗೆ ಹೋಗಲು ಕಾನೂನು ತೊಂಬತ್ತು ದಿನ ಕೊಟ್ಟಿದೆ. ತೊಂಬತ್ತೊಂದನೆಯ ದಿನ ಅವರಿಗೆ ಕಾಮಾಲೆ ಬರುತ್ತದೆ. ಇದು ವೈದ್ಯಶಾಸ್ತ್ರದಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ವಕೀಲರ ಕಂಪ್ಯೂಟರಿನಲ್ಲಿ ಇದೆ. ಕಂಪ್ಯೂಟರಿನಲ್ಲಿ ಇರುವುದನ್ನು ಅಲ್ಲಗಳೆಯುವಷ್ಟು ನಾನು ಓದಿದವನಲ್ಲ.

ನನ್ನ ಹೆಸರು ಆಂಜಿನಯ್ಯ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿಗೂ ತೂಕದ ಕಲ್ಲಿಗೂ ಮುದ್ರೆ ಹಾಕುತ್ತಾ ನಿವೃತ್ತನಾದವನು. ಮುದ್ರೆ ಬಿದ್ದ ಮೇಲೆ ಒಂದು ಕೆ.ಜಿ. ಕಲ್ಲು ಒಂದು ಕೆ.ಜಿ.ಯೇ. ಅದನ್ನು ಕೈಯಲ್ಲಿ ಎತ್ತಿ ನೋಡಿ ಮುಖ ಸಿಂಡರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹೀಗಾಗಿ ಮುನಿಯಕ್ಕನ ವಿಷಯದಲ್ಲಿ ನಡೆದದ್ದನ್ನು ನಡೆದ ಹಾಗೆ ದಾಖಲಿಸಲು ನಾನೇ ಅರ್ಹನೆಂದು ನಮ್ಮ ರಸ್ತೆಯ ನಿವಾಸಿಗಳ ಸಂಘ ಸರ್ವಾನುಮತದಿಂದ ತೀರ್ಮಾನಿಸಿದೆ. ಸಂಘದ ಸಭೆಗೆ ಅಂದು ನಾನೊಬ್ಬನೇ ಹಾಜರಿದ್ದೆ.

ಮೊದಲು ಜಾಗದ ವಿಚಾರ. ಚಾಮರಾಜಪೇಟೆಯಲ್ಲಿ ನಮ್ಮ ಮನೆ ಒಂದು ಅಡ್ಡರಸ್ತೆಯಲ್ಲಿದ್ದರೆ, ನಮ್ಮ ಬೆನ್ನಿಗೇ ಅಂಟಿಕೊಂಡಂತೆ ಮುನಿಯಕ್ಕನ ಎರಡು ಕೋಣೆಯ ಮನೆ ಇದೆ. ಅದು ಆಚೆ ಅಡ್ಡರಸ್ತೆಯ ನಿವೇಶನದ ಹಿಂಭಾಗ. ಮುಂಭಾಗದಲ್ಲಿ ಆಕೆಯ ಮೈದುನನ ಮಗ ಮನೋಹರನ ಕಟ್ಟಡ. ಕೆಳಗೆ ಅಂಗಡಿ, ಮೇಲೆ ಅವನ ವಾಸ. ಆ ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ನಾಲ್ಕಡಿ ಅಗಲದ ಒಂದು ಸಂದಿ. ಮುನಿಯಕ್ಕ ಮದುವೆಯಾಗಿ ಬಂದಂದಿನಿಂದ ರಸ್ತೆಗೆ ಹೋಗುತ್ತಿದ್ದದ್ದು ಆ ಸಂದಿಯಿಂದ. ಮನೋಹರನ ಮಹಡಿಗೆ ಹತ್ತುವ ಮೆಟ್ಟಿಲು ಇರುವುದೂ ಆ ಸಂದಿಯೊಳಗೇ.

ಆ ಸಂದಿ ಯಾರದೆಂದು ಹಿರಿಯರು ಪಾಲು ಮಾಡಿದಾಗ ಬಾಯಲ್ಲಿ ಹೇಳಿದ್ದರು, ಕಾಗದದಲ್ಲಿ ಹೇಳಿರಲಿಲ್ಲ. ಹಿರಿಯರೆಲ್ಲ ಹೋದ ಮೇಲೆ ಮನೋಹರ ದಾವೆ ಹಾಕಿದ, ಗೆದ್ದ. ಡಿಕ್ರಿ ಕೈಗೆ ಬಂದ ಮಧ್ಯಾಹ್ನವೇ ಮೆಟ್ಟಿಲು ದಾಟಿದ ಮೇಲೆ ಒಂದು ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಹಾಕಿದ. ಗೇಟಿನ ಮೇಲೆ ತನ್ನ ಹುಟ್ಟುಹಬ್ಬದ ಹಳೆಯ ಫ್ಲೆಕ್ಸನ್ನೂ ಕಟ್ಟಿದ. ಅವನು ಮುಂದಿನ ಕಾರ್ಪೊರೇಷನ್ ಚುನಾವಣೆಗೆ ನಿಲ್ಲುವವನು. ಫ್ಲೆಕ್ಸಿನಲ್ಲಿ ಎರಡೂ ಕೈ ಮುಗಿದು ನಗುತ್ತಿದ್ದ.

ಮುನಿಯಕ್ಕ ಹೂವಿನ ವ್ಯಾಪಾರದವರು. ಬೆಳಕು ಹರಿಯುವ ಮೊದಲೇ ಮಾರ್ಕೆಟ್ಟಿಗೆ ಹೋಗಿ ಹೂವು ತಂದು, ಕಟ್ಟಿ, ಗಣೇಶನ ಗುಡಿ ಎದುರು ಕೂತು ಮಾರಿದರೆ ಆ ದಿನದ ಊಟ. ದಾರಿ ಮುಚ್ಚಿದ ಮೇಲೆ ಆಕೆಗೆ ಉಳಿದದ್ದು ನಮ್ಮ ಅಡುಗೆಮನೆ. ಅವರ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ನಮ್ಮ ಅಡುಗೆಮನೆಯ ಹಿಂಬಾಗಿಲು. ಅಲ್ಲಿಂದ ಒಳಗೆ ಬಂದು, ಒಲೆ ದಾಟಿ, ಹಾಲ್ ದಾಟಿ, ನಮ್ಮ ರಸ್ತೆಗೆ ಇಳಿಯಬೇಕು. ನನ್ನ ಹೆಂಡತಿ ನಾರಾಯಣಮ್ಮ ಇದಕ್ಕೆ ಧಾರಾಳವಾಗಿ ಒಪ್ಪಿದಳು. ಆದರೆ ಅಡುಗೆಮನೆಗೂ ಒಂದು ಶಿಸ್ತು ಬೇಕಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವುದು ಆರಕ್ಕೆ. ಒಗ್ಗರಣೆ ಹಾಕುವಾಗ ಯಾರೂ ಹಾದುಹೋಗಕೂಡದು. ಆರಕ್ಕೆ ಹೊರಟರೆ ಮಾರ್ಕೆಟ್ಟಿನಲ್ಲಿ ಸಿಗುವುದು ಬೇರೆಯವರು ಆರಿಸಿ ಬಿಟ್ಟ ಹೂವು. ಬಾಡಿದ ಹೂವನ್ನು ಗಣೇಶ ಸಹಿಸುತ್ತಾನೆ, ಗಿರಾಕಿ ಸಹಿಸುವುದಿಲ್ಲ. ಆಕೆಯ ವ್ಯಾಪಾರ ಅರ್ಧಕ್ಕೆ ಇಳಿಯಿತು.

ಆದ್ದರಿಂದ ಮೇಲ್ಮನವಿ ಹಾಕಲೇಬೇಕಾಯಿತು. ಬಸವನಗುಡಿಯಲ್ಲಿ ಒಂದು ಮೆಡಿಕಲ್ ಶಾಪಿನ ಮಹಡಿಯಲ್ಲಿ ವಕೀಲ ಶ್ರೀನಿವಾಸಯ್ಯನವರ ಕಚೇರಿ. ಬಹಳ ಹಿರಿಯರು, ಶಿಸ್ತಿನವರು. ಯಾವುದೇ ಮೇಲ್ಮನವಿಯನ್ನು ಅವರು ಸಲ್ಲಿಸುವುದು ಕೊನೆಯ ದಿನವೇ. ಕಾನೂನು ತೊಂಬತ್ತು ದಿನ ಕೊಟ್ಟಿರುವಾಗ ಒಂದು ವಾರ ಮುಂಚೆ ಸಲ್ಲಿಸುವುದೆಂದರೆ ಕೊಟ್ಟದ್ದನ್ನು ಬೇಡವೆಂದು ಹಿಂದಕ್ಕೆ ಕೊಟ್ಟ ಹಾಗೆ ಎಂಬುದು ಅವರ ಅಭಿಪ್ರಾಯ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನೂ ಕಳೆದು, ಕೊನೆಯ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದರು.

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅವರು ಮುನಿಯಕ್ಕನಿಗೆ ಫೋನ್ ಮಾಡಿದರು.

"ಅಮ್ಮ, ಇವತ್ತು ಲಾಸ್ಟ್ ಡೇಟು. ಪೇಪರ್ಸ್ ಎಲ್ಲಾ ರೆಡಿ ಇದೆ. ಬಂದು ಸೈನ್ ಹಾಕ್ಬಿಟ್ರೆ ಫೈಲ್ ಮಾಡ್ಬಿಡ್ತೀನಿ."

ಅಂದು ನಾವು ಆರಕ್ಕೂ ಮೊದಲೇ ಮನೆಗೆ ಬೀಗ ಹಾಕಿಕೊಂಡು ವೈಯಾಲಿಕಾವಲ್‌ಗೆ ಹೋಗಿದ್ದೆವು. ನಾರಾಯಣಮ್ಮನ ತಂಗಿಯ ಮೊಮ್ಮಗಳಿಗೆ ನಾಮಕರಣ. ಮುನಿಯಕ್ಕ ನಮ್ಮ ಅಡುಗೆಮನೆ ಬಾಗಿಲು ತಟ್ಟಿದ್ದಾರೆ, ಯಾರೂ ಇಲ್ಲ. ಸಂದಿಗೆ ಹೋಗಿ ಗೇಟು ಬಡಿದಿದ್ದಾರೆ. ಮನೋಹರ ಮೇಲಿನಿಂದ ಬಗ್ಗಿ ನೋಡಿದನಂತೆ.

"ದೊಡ್ಡಮ್ಮ, ಬೀಗ ತೆಗೆಯೋಕೆ ನಂಗೇನೂ ತೊಂದ್ರೆ ಇಲ್ಲ. ಆದ್ರೆ ಡಿಕ್ರಿ ಇರೋವಾಗ ತೆಗೆದ್ರೆ ಕೋರ್ಟಿಗೆ ಮರ್ಯಾದೆ ಕೊಡದೇ ಇದ್ದಂಗೆ ಆಗತ್ತೆ. ನೀವು ದೊಡ್ಡೋರು, ನಿಮಗೆ ನಾನು ಹೇಳ್ಬೇಕಾ?"

ಮುನಿಯಕ್ಕ ಒಗೆಯುವ ಕಲ್ಲು ಹತ್ತಿ ಕಾಂಪೌಂಡಿನ ಮೇಲೆ ಒಂದು ಕಾಲು ಹಾಕಿದರಂತೆ. ಇನ್ನೊಂದು ಕಾಲು ಬರಲಿಲ್ಲ. ಸಂಜೆ ನಾವು ಒಬ್ಬಟ್ಟಿನ ಡಬ್ಬಿ ಹಿಡಿದು ಬಂದು ಹಿಂಬಾಗಿಲು ತೆಗೆದಾಗ ಒಳ್ಳೆಯ ಸೀರೆಯುಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು, ಆ ಕಲ್ಲಿನ ಮೇಲೆಯೇ ಕೂತಿದ್ದರು. ನನಗೆ ಬಹಳ ಸಂಕಟವಾಯಿತು. ನಾರಾಯಣಮ್ಮನಂತೂ ಡಬ್ಬಿ ಅಲ್ಲೇ ಇಟ್ಟು ಆಕೆಯ ಪಕ್ಕ ಕೂತು ಅತ್ತಳು. ಆದರೆ ತನ್ನ ಅಡುಗೆಮನೆಗೆ ತಾನು ಬೀಗ ಹಾಕುವುದಕ್ಕೆ ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲವಾದ್ದರಿಂದ ನಾನು ಅಳಲಿಲ್ಲ.

ಮರುದಿನ ಮುನಿಯಕ್ಕನ ಜೊತೆ ನಾನೂ ಶ್ರೀನಿವಾಸಯ್ಯನವರ ಕಚೇರಿಗೆ ಹೋದೆ. ಅವರು ಸ್ವಲ್ಪವೂ ಗಾಬರಿಯಾಗಿರಲಿಲ್ಲ.

"ಒಂದು ದಿನ ತಾನೆ? ವಿಳಂಬ ಮನ್ನಾ ಮಾಡಿ ಅಂತ ಒಂದು ಅರ್ಜಿ ಹಾಕಿದ್ರೆ ಆಯ್ತು. ಲೇಟಾದ ಪ್ರತಿ ದಿನಕ್ಕೂ ಕಾರಣ ಕೊಡ್ಬೇಕು, ಅಷ್ಟೇ. ಹೇಳಿ, ಯಾಕೆ ಬರ್ಲಿಲ್ಲ?"

"ಬರೋಕೆ ದಾರಿ ಇರ್ಲಿಲ್ಲ ಸ್ವಾಮಿ," ಎಂದರು ಮುನಿಯಕ್ಕ.

ಶ್ರೀನಿವಾಸಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದನ್ನ ಬರೆಯೋಕೆ ಆಗಲ್ಲಮ್ಮ."

"ಯಾಕೆ? ನಿಜ ಅದೇ ಅಲ್ವ?"

"ನಿಜಾನೇ. ಆದ್ರೆ ದಾರಿ ವಿಚಾರ ಅಪೀಲಿನ ವಿಚಾರ. ವಿಳಂಬ ಮನ್ನಾ ಆಗೋ ತನಕ ಅಪೀಲೇ ಇಲ್ಲ. ಇಲ್ಲದ ಅಪೀಲಿನ ವಿಚಾರ ಮಾತಾಡೋದು ಹೇಗೆ? ಮೊದ್ಲು ವಿಳಂಬ ಮನ್ನಾ ಆಗ್ಲಿ, ಆಮೇಲೆ ದಾರಿ ಇರ್ಲಿಲ್ಲ ಅನ್ನೋಣ."

"ದಾರಿ ಇಲ್ಲದೆ ತಾನೆ ಸ್ವಾಮಿ ವಿಳಂಬ ಆಗಿದ್ದು?"

"ಅದಕ್ಕೇ ಅದು ಅಪೀಲಿನ ವಿಚಾರ."

ಅವರ ಮಾತಿನಲ್ಲಿ ಒಂದು ಕೊಂಕೂ ನನಗೆ ಕಾಣಲಿಲ್ಲ. ಮುನಿಯಕ್ಕನಿಗೆ ಮಾತ್ರ ಅರ್ಥವಾಗಲಿಲ್ಲ. ಹೂವು ಮಾರುವವರಿಗೆ ಇದೆಲ್ಲ ಒಂದೇ ಸಲಕ್ಕೆ ತಲೆಗೆ ಹೋಗುವುದು ಕಷ್ಟ.

ಶ್ರೀನಿವಾಸಯ್ಯನವರು ಕಂಪ್ಯೂಟರಿನಲ್ಲಿ ಸಿದ್ಧವಾಗಿದ್ದ ಒಂದು ಅಫಿಡವಿಟ್ ತೆಗೆದರು. ಅದರಲ್ಲಿ ಅರ್ಜಿದಾರರು ತೀವ್ರ ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದರು, ವೈದ್ಯರು ಸಂಪೂರ್ಣ ವಿಶ್ರಾಂತಿ ಹೇಳಿದ್ದರು, ಈಗ ತಾನೇ ಚೇತರಿಸಿಕೊಂಡು ವಕೀಲರನ್ನು ಕಂಡರು ಎಂದಿತ್ತು. ಹೆಸರಿನ ಜಾಗ ಮಾತ್ರ ಖಾಲಿ. ಅವರ ವೃತ್ತಿಜೀವನದಲ್ಲಿ ತಡವಾಗಿ ಬಂದ ಕಕ್ಷಿದಾರರೆಲ್ಲ ಕಾಮಾಲೆಯವರೇ. ಜ್ವರವೆಂದರೆ ಗಟ್ಟಿಯಾಗಿ ನಿಲ್ಲುವುದಿಲ್ಲ, ಹೃದಯದ ಕಾಯಿಲೆಯೆಂದರೆ ಆಸ್ಪತ್ರೆಯ ಕಾಗದ ಕೇಳುತ್ತಾರೆ, ಕಾಮಾಲೆಗೆ ಮಾತ್ರ ಮನೆಮದ್ದು, ಪಥ್ಯ, ವಿಶ್ರಾಂತಿ. ಅವರು ಹೆಸರು ತುಂಬಿ, ಅರವತ್ತು ದಿನ ಎಂದಿದ್ದ ಕಡೆ ಒಂದು ದಿನ ಎಂದು ತಿದ್ದಿದರು.

"ನಂಗೆ ಕಾಮಾಲೆ ಬಂದಿಲ್ಲ ಸ್ವಾಮಿ. ಜನ್ಮದಲ್ಲೇ ಬಂದಿಲ್ಲ."

"ಇದು ಆ ಥರದ್ದಲ್ಲಮ್ಮ. ಇಲ್ಲಿ ಸೈನ್ ಮಾಡಿ."

ಮುನಿಯಕ್ಕ ಸಹಿ ಮಾಡಿದರು. ಬೇರೆ ದಾರಿಯಿರಲಿಲ್ಲ.

ಮನೋಹರನ ವಕೀಲರು ಶ್ರೀನಿವಾಸಯ್ಯನವರ ಹಳೆಯ ಶಿಷ್ಯರು. ಅಫಿಡವಿಟ್ಟಿನ ನಮೂನೆಯನ್ನು ಗುರುಗಳ ಕಂಪ್ಯೂಟರಿನಿಂದಲೇ ಇಳಿಸಿಕೊಂಡವರು. ಆದರೂ ಕರ್ತವ್ಯದ ದೃಷ್ಟಿಯಿಂದ ಲಿಖಿತ ಆಕ್ಷೇಪಣೆ ಸಲ್ಲಿಸಿದರು. ಕಾಮಾಲೆ ಒಂದು ದಿನಕ್ಕೆ ಬಂದು ಹೋಗುವ ನೆಂಟರಲ್ಲ. ಹಿಂದಿನ ದಿನ ಇಲ್ಲದೆ ಮರುದಿನವೂ ಇಲ್ಲದೆ ನಡುವೆ ಒಂದು ದಿನ ಮಾತ್ರ ಇದ್ದ ಕಾಮಾಲೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಅರ್ಜಿದಾರರು ವಿವರಿಸಬೇಕು ಎಂದರು. ಈ ಪ್ರಶ್ನೆಯನ್ನು ಕೋರ್ಟು ಗಂಭೀರವಾಗಿ ಪರಿಗಣಿಸಿತು. ಒಂದು ದಿನದ ವಿಳಂಬದ ಬಗ್ಗೆ ಆತುರದಲ್ಲಿ ತೀರ್ಮಾನ ಕೊಡಲಾಗುವುದಿಲ್ಲವಾದ್ದರಿಂದ ಒಂದೂವರೆ ವರ್ಷ ಪರಿಗಣಿಸಿ, ಕಾಮಾಲೆಯ ಬಗ್ಗೆ ಸ್ಥಳ ಪರಿಶೀಲನೆ ನಡೆಸಿ ವರದಿ ಕೊಡುವಂತೆ ವಾರ್ಡಿನ ಹಳದಿ ರೋಗ ನಿಗಾ ಘಟಕಕ್ಕೆ ಬರೆಯಿತು. ಅಷ್ಟರಲ್ಲಿ ಮುನಿಯಕ್ಕ ಗುಡಿ ಎದುರಿನ ಒಳ್ಳೆಯ ಜಾಗವನ್ನು ಬೇರೆ ಹೂವಿನವರಿಗೆ ಬಿಟ್ಟುಕೊಟ್ಟು, ಚಪ್ಪಲಿ ಬಿಡುವ ಕಡೆ ಕೂರತೊಡಗಿದ್ದರು.

ನಿಗಾ ಘಟಕದ ಅಧಿಕಾರಿ ರಾಮಾನುಜ ಎಂಬವರು. ಮೃದು ಮಾತಿನವರು, ಚೀಲದಲ್ಲಿ ಸದಾ ಒಂದು ಬಣ್ಣದ ಪಟ್ಟಿ ಇಟ್ಟುಕೊಂಡಿರುವವರು. ಅವರು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಗೇಟಿಗೆ ಬೀಗವಿದ್ದುದರಿಂದ ಅವರೂ ನಮ್ಮ ಅಡುಗೆಮನೆಯ ಮೂಲಕವೇ ಹೋಗಬೇಕಾಯಿತು. ಒಗ್ಗರಣೆಯ ಹೊತ್ತು. ನಾರಾಯಣಮ್ಮ ಅವರನ್ನು ಹಾಲಿನಲ್ಲಿ ಕೂರಿಸಿ, ಸಾಸಿವೆ ಸಿಡಿದು ಮುಗಿದ ಮೇಲೆ ಒಳಗೆ ಬಿಟ್ಟಳು.

ಮುನಿಯಕ್ಕ ಬುಟ್ಟಿಯ ಮುಂದೆ ಕೂತು ಹಬ್ಬಕ್ಕೆ ಚೆಂಡುಹೂವು ಕಟ್ಟುತ್ತಿದ್ದರು. ರಾಮಾನುಜ ಅವರ ಕೈ ಹಿಡಿದು ಬೆರಳುಗಳನ್ನು ಬಣ್ಣದ ಪಟ್ಟಿಯ ಪಕ್ಕದಲ್ಲಿ ಹಿಡಿದರು.

"ಬೆರಳು ಹಳದಿ ಇದೆ."

"ಬೆಳಗ್ಗೆಯಿಂದ ಚೆಂಡುಹೂವು ಕಟ್ತಿದೀನಿ ಸ್ವಾಮಿ."

"ನಾನು ಕಾರಣ ಕೇಳಿಲ್ಲಮ್ಮ, ಬಣ್ಣ ಕೇಳ್ದೆ." ಅವರು ಬರೆದುಕೊಂಡರು. "ಸರಿ, ಕಾಮಾಲೆ ಇತ್ತು ಅಂತ ನೀವೇ ಅಫಿಡವಿಟ್ ಕೊಟ್ಟಿದೀರಿ. ವಾಸಿ ಆಯ್ತು ಅನ್ನೋದಕ್ಕೆ ಏನಿದೆ?"

"ನಾನೇ ಇದೀನಲ್ಲ. ನೋಡಿ, ಗಟ್ಟಿಮುಟ್ಟಾಗಿದೀನಿ."

"ನೀವು ದಾಖಲೆ ಅಲ್ಲ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡಿದ ಕಾಗದ ಇದ್ಯಾ?"

"ಸೇರಿದ್ರೆ ತಾನೆ ಸ್ವಾಮಿ ಬಿಡೋದು?"

"ಅಲ್ಲಿಗೆ ಡಿಸ್ಚಾರ್ಜ್ ಆಗಿಲ್ಲ. ಅಂದ್ಮೇಲೆ ಇನ್ನೂ ಇದೆ."

ನಾನು ನಡುವೆ ಬಾಯಿ ಹಾಕಿದೆ. "ಸಾರ್, ಅಫಿಡವಿಟ್ಟಲ್ಲಿ ಚೇತರಿಸಿಕೊಂಡೆ ಅಂತಾನೂ ಇದೆಯಲ್ಲ."

ರಾಮಾನುಜ ನನ್ನ ಕಡೆ ಅನುಕಂಪದಿಂದ ನೋಡಿದರು. "ರೋಗ ಬಂತು ಅಂತ ಯಾರು ಬೇಕಾದ್ರೂ ಹೇಳ್ಬೋದು ಸಾರ್, ಅದು ಅನುಭವ. ವಾಸಿ ಆಯ್ತು ಅಂತ ಡಾಕ್ಟ್ರೇ ಹೇಳ್ಬೇಕು, ಅದು ಅಭಿಪ್ರಾಯ."

ನಮ್ಮ ಇಲಾಖೆಯಲ್ಲೂ ಹೀಗೆಯೇ ಇತ್ತು. ತಕ್ಕಡಿ ಕೆಟ್ಟಿದೆಯೆಂದು ಗಿರಾಕಿ ಹೇಳಬಹುದು, ಸರಿಯಾಗಿದೆಯೆಂದು ಹೇಳಲು ನಾವೇ ಬೇಕು.

ಮೂರು ದಿನದಲ್ಲಿ ಘಟಕದ ಆದೇಶ ಬಂತು. ಅದರ ಮುಖ್ಯಾಂಶಗಳು ಹೀಗಿದ್ದವು. ಶ್ರೀಮತಿ ಮುನಿಯಕ್ಕ ಎಂಬವರು ಚಾಲ್ತಿಯಲ್ಲಿರುವ ಕಾಮಾಲೆ ರೋಗಿಯೆಂದು ಘೋಷಿಸಲಾಗಿದೆ. ಹೂವು ತಿನ್ನುವ ಪದಾರ್ಥವಲ್ಲವಾದ್ದರಿಂದ ವ್ಯಾಪಾರಕ್ಕೆ ಅಭ್ಯಂತರವಿಲ್ಲ. ಆದರೆ ಕಾಮಾಲೆಯು ಆಹಾರ ಮತ್ತು ನೀರಿನ ಮೂಲಕ ಹರಡುವ ರೋಗವಾದ್ದರಿಂದ ರೋಗಿಯು ಅನ್ಯರ ಅಡುಗೆಮನೆಯನ್ನು ಪ್ರವೇಶಿಸುವುದನ್ನಾಗಲೀ, ಹಾದುಹೋಗುವುದನ್ನಾಗಲೀ, ಬಾಗಿಲಲ್ಲಿ ನಿಂತು ಮಾತಾಡುವುದನ್ನಾಗಲೀ ಈ ಮೂಲಕ ನಿಷೇಧಿಸಲಾಗಿದೆ. ಈ ಆದೇಶದಿಂದ ಬಾಧಿತರಾದವರು ಮೂವತ್ತು ದಿನಗಳೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ಹೋಗಬಹುದು ಎಂದಿತ್ತೇ ವಿನಾ ಯಾವ ಕಡೆಯಿಂದ ಎಂದಿರಲಿಲ್ಲ. ನಮ್ಮ ಹಿಂಬಾಗಿಲಿಗೆ ಘಟಕದವರು ಮೊಳೆ ಹೊಡೆದು ಹೋದರು. ಮುಂದೆ ಮನೋಹರನ ಬೀಗ, ಹಿಂದೆ ಸರ್ಕಾರದ ಮೊಳೆ, ನಡುವೆ ಮುನಿಯಕ್ಕ. ನಾರಾಯಣಮ್ಮ ಟೆರೇಸಿನಿಂದ ಹಗ್ಗಕ್ಕೆ ಟಿಫನ್ ಕ್ಯಾರಿಯರ್ ಕಟ್ಟಿ ಮುದ್ದೆ, ಸೊಪ್ಪಿನ ಸಾರು ಇಳಿಬಿಟ್ಟಳು. ಇಳಿಬಿಡುತ್ತಾ ಸರ್ಕಾರವನ್ನು, ವಕೀಲರನ್ನು, ನನ್ನನ್ನು ಒಂದೇ ಉಸಿರಿನಲ್ಲಿ ಬೈದಳು. ನಾನು ಯಾವ ಗುಂಪಿಗೆ ಸೇರಿದೆನೆಂದು ಕೇಳುವ ಧೈರ್ಯವಾಗಲಿಲ್ಲ.

ಆದರೆ ಯಾವ ನಿಯಮವೂ ಒಂಟಿಯಾಗಿ ಇರುವುದಿಲ್ಲ. ಚಾಲ್ತಿ ರೋಗಿಯನ್ನು ಅಧಿಕಾರಿ ಪ್ರತಿದಿನ ಖುದ್ದಾಗಿ ಕಂಡು ಸಹಿ ಮಾಡಬೇಕೆಂಬ ಇನ್ನೊಂದು ನಿಯಮ ಅದೇ ಘಟಕದಲ್ಲಿತ್ತು. ರಾಮಾನುಜ ಬಂದರು. ತಾವೇ ಮೊಳೆ ಹೊಡೆಸಿದ ಬಾಗಿಲು ನೋಡಿದರು. ಟೆರೇಸಿನ ಹಗ್ಗವನ್ನೂ ನೋಡಿದರು; ಅವರ ತೂಕಕ್ಕೆ ಅದು ಆಗುವ ಹಾಗಿರಲಿಲ್ಲ. ನಂತರ ಆಚೆ ರಸ್ತೆಗೆ ಹೋಗಿ ಮನೋಹರನನ್ನು ಕರೆದು ಗೇಟು ತೆಗೆಯಲು ಹೇಳಿದರು. ಮನೋಹರ ಲ್ಯಾಮಿನೇಷನ್ ಮಾಡಿಸಿದ ಡಿಕ್ರಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದ.

"ಸಾರ್, ಈ ಸಂದೀಲಿ ದೊಡ್ಡಮ್ಮಂಗೆ ಯಾವ ಹಕ್ಕೂ ಇಲ್ಲ ಅಂತ ಕೋರ್ಟೇ ಹೇಳಿದೆ. ಓದ್ನೋಡಿ."

ರಾಮಾನುಜ ಪೂರ್ತಿ ಓದಿದರು. "ಸರಿಯಾಗೇ ಇದೆ. ಹಕ್ಕಿಲ್ಲ ಅಂತ ಇದೆ. ರೋಗ ಇಲ್ಲ ಅಂತ ಎಲ್ಲಿದೆ?"

"ಅಂದ್ರೆ?"

"ಹಕ್ಕು ಬೇರೆ, ರೋಗ ಬೇರೆ. ಆಯಮ್ಮ ಹಕ್ಕಿನ ಮೇಲೆ ಬರ್ತಿಲ್ಲ, ಕಾಮಾಲೆ ಮೇಲೆ ಬರ್ತಿದಾರೆ. ಕಾಮಾಲೆಗೆ ಡಿಕ್ರಿ ಅನ್ವಯ ಆಗಲ್ಲ."

ಆ ಸಂಜೆಯೇ ಗೇಟು ಕಿತ್ತರು. ಮನೋಹರನ ಫ್ಲೆಕ್ಸಿಗೆ ಬದಲಾಗಿ ಸಂದಿಯ ಬಾಯಿಗೆ ಒಂದು ಹಳದಿ ಬೋರ್ಡು ಬಂತು:

ಕಾಮಾಲೆ ರೋಗಿಗಳ ದಾರಿ. ಆರೋಗ್ಯವಂತರಿಗೆ ಪ್ರವೇಶವಿಲ್ಲ. ಅತಿಕ್ರಮಿಸುವವರ ಆರೋಗ್ಯಕ್ಕೆ ಘಟಕವು ಹೊಣೆಯಲ್ಲ.

ಬೋರ್ಡಿನ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಗುತ್ತಿಗೆಯ ಮೇಲೆ ನೇಮಕವಾದ ತೇಜಶ್ರೀ ಎಂಬ ಕಾವಲಿನ ಹುಡುಗಿ. ಮುನಿಯಕ್ಕನಿಗೆ ಹಳದಿ ಕಾರ್ಡು ಕೊಟ್ಟರು. ಮರುದಿನ ನಸುಕಿಗೇ ಆಕೆ ಕಾರ್ಡು ತೋರಿಸಿ, ಎದೆಯೆತ್ತಿ ಸಂದಿಯಲ್ಲಿ ನಡೆದು ಮಾರ್ಕೆಟ್ಟಿಗೆ ಹೋಗಿ, ಎರಡು ವರ್ಷದಿಂದ ಕೈಗೆ ಸಿಗದಿದ್ದ ಮೊದಲ ಕುಯ್ಲಿನ ಮಲ್ಲಿಗೆ ತಂದರು. ಗುಡಿ ಎದುರು ಕೂತು ಮಾರಿ, ಉಳಿದ ಒಂದು ಮೊಳವನ್ನು ಹಗ್ಗದ ಟಿಫನ್ ಕ್ಯಾರಿಯರಿನಲ್ಲಿಟ್ಟು ಮೇಲೆ ಕಳಿಸಿದರು. ನಾರಾಯಣಮ್ಮ ಅದನ್ನು ಮುಡಿದು ಇಡೀ ದಿನ ನನ್ನ ಮೇಲೆ ರೇಗಲಿಲ್ಲ.

ಮನೋಹರನ ಪರಿಸ್ಥಿತಿ ಸ್ವಲ್ಪ ಸೂಕ್ಷ್ಮವಾಯಿತು. ಮಹಡಿಗೆ ಹತ್ತುವ ಮೆಟ್ಟಿಲು ಸಂದಿಯೊಳಗೇ ಇದ್ದುದರಿಂದ ಅವನು ಮನೆಯಿಂದ ಇಳಿದರೆ ರೋಗಿಗಳ ದಾರಿಗೆ ಇಳಿದಂತೆ. ಮೊದಲ ದಿನ ಇಳಿದವನನ್ನು ತೇಜಶ್ರೀ ತಡೆದಳು.

"ಅಣ್ಣ, ಕಾರ್ಡ್ ತೋರ್ಸಿ."

"ಏನಮ್ಮ, ಇದು ನಂದೇ ಸಂದಿ. ಡಿಕ್ರಿ ಇದೆ."

"ಡಿಕ್ರಿ ನಮ್ಮ ಲಿಸ್ಟಲ್ಲಿ ಇಲ್ಲ ಅಣ್ಣ. ಕಾಮಾಲೆ ಇದ್ರೆ ಹೇಳಿ, ಬಿಡ್ತೀನಿ."

"ನಂಗ್ಯಾಕೆ ಬರತ್ತೆ ಕಾಮಾಲೆ? ನಾನು ಗೆದ್ದಿರೋನು."

"ಹಂಗಾದ್ರೆ ಮೇಲೆ ಹೋಗಿ ಅಣ್ಣ."

ಅವನ ಹೆಂಡತಿ ವಾಣಿ ಆ ದಿನ ಮಲ್ಲೇಶ್ವರದ ತವರಿನಲ್ಲಿದ್ದಳು. ವಿಷಯ ತಿಳಿದು ಅಲ್ಲಿಯೇ ಉಳಿದುಕೊಂಡಳು. ಮನೋಹರ ಫ್ಲೆಕ್ಸ್ ಕಟ್ಟಲು ಇಟ್ಟುಕೊಂಡಿದ್ದ ಬಿದಿರಿನ ಏಣಿಯನ್ನು ರಸ್ತೆ ಕಡೆಯ ಬಾಲ್ಕನಿಗೆ ಒರಗಿಸಿ ಹತ್ತಿ ಇಳಿಯುವುದು ರೂಢಿ ಮಾಡಿಕೊಂಡ. ಬಿಳಿ ಶರ್ಟು, ಬಿಳಿ ಪ್ಯಾಂಟು ತೊಟ್ಟು ಇಳಿಯುವಾಗ ಕೆಳಗಿನ ಅಂಗಡಿಯವರು ಮರ್ಯಾದೆಯಿಂದ ಏಣಿ ಹಿಡಿದುಕೊಳ್ಳುತ್ತಿದ್ದರು. ಇದರ ಜೊತೆಗೆ, ನಿಗಾ ಘಟಕದ ಆದೇಶದ ವಿರುದ್ಧ ಮೇಲ್ಮನವಿ ಹಾಕಲು ತನ್ನ ವಕೀಲರಿಗೆ ಹೇಳಿದ. ಅವರು ಗುರುಗಳಿಂದ ಅಫಿಡವಿಟ್ ಮಾತ್ರವಲ್ಲ, ಶಿಸ್ತನ್ನೂ ಕಲಿತವರು. ಮೂವತ್ತನೆಯ ದಿನ ಬೆಳಿಗ್ಗೆ ಫೋನ್ ಮಾಡಿ, ಇವತ್ತೇ ಲಾಸ್ಟ್ ಡೇಟು, ಬಂದು ಸೈನ್ ಹಾಕಿಹೋಗಿ ಎಂದರು.

ಅಂದು ಏಣಿ ಇರಲಿಲ್ಲ. ವಿಶ್ವೇಶ್ವರಪುರದಲ್ಲಿ ಬೇರೊಬ್ಬ ಮುಖಂಡರ ಹುಟ್ಟುಹಬ್ಬವೆಂದು ಫ್ಲೆಕ್ಸಿನವರು ಒಯ್ದಿದ್ದರು.

ಮನೋಹರ ಮೆಟ್ಟಿಲಿನ ಕೊನೆಯ ಹಂತದಲ್ಲಿ ನಿಂತು ತೇಜಶ್ರೀಯನ್ನು ಬೇಡಿಕೊಂಡಿದ್ದನ್ನು ನಾನು ಆಚೆ ರಸ್ತೆಯಿಂದ ಕಣ್ಣಾರೆ ಕಂಡೆ. ಅಷ್ಟರಲ್ಲಿ ಮುನಿಯಕ್ಕ ಖಾಲಿ ಬುಟ್ಟಿ ಹಿಡಿದು ಬಂದರು. ಅವನನ್ನು ನೋಡಿ ನಿಂತರು. ನಾನು ಆಕೆ ಏನಾದರೂ ಚುಚ್ಚುತ್ತಾರೆಂದುಕೊಂಡೆ. ಆಕೆ ಚುಚ್ಚಲಿಲ್ಲ.

"ಬಿಡಮ್ಮ ಅವನನ್ನ, ಪಾಪ, ಲಾಸ್ಟ್ ಡೇಟಂತೆ," ಎಂದರು.

"ಬಿಡ್ತಿದ್ದೆ ಆಂಟಿ. ಆದ್ರೆ ಬಿಟ್ರೆ ಬೋರ್ಡಿಗೆ ಮರ್ಯಾದೆ ಕೊಡದೇ ಇದ್ದಂಗಾಗತ್ತೆ," ಎಂದಳು ತೇಜಶ್ರೀ.

ಮನೋಹರ ಅದೇ ಮೆಟ್ಟಿಲ ಮೇಲೆ ಬಿಳಿ ಪ್ಯಾಂಟಿನಲ್ಲೇ ಸಂಜೆಯವರೆಗೆ ಕೂತಿದ್ದ. ಮಧ್ಯಾಹ್ನ ಮುನಿಯಕ್ಕ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ರೋಗಿಯ ಕೈಯ ಮಜ್ಜಿಗೆಯನ್ನು ಆರೋಗ್ಯವಂತ ಕುಡಿಯಬಹುದೇ ಎಂದು ತೇಜಶ್ರೀ ಫೋನ್ ಮಾಡಿ ಕೇಳಿದಳು. ಉತ್ತರ ಬರುವಷ್ಟರಲ್ಲಿ ಅವನು ಕುಡಿದಿದ್ದ.

ಮರುದಿನ ಏಣಿ ವಾಪಸು ಬಂತು, ಅವನು ವಕೀಲರಲ್ಲಿಗೆ ಹೋದ. ದಾರಿ ಇರಲಿಲ್ಲ ಎಂದು ಬರೆಯಿರಿ ಅಂದನಂತೆ. ಅದು ಮೇಲ್ಮನವಿಯ ವಿಚಾರ, ಈಗ ಬರೆಯಲಾಗದು ಎಂದು ವಕೀಲರು ತಾಳ್ಮೆಯಿಂದ ವಿವರಿಸಿದರಂತೆ. ನಮೂನೆ ಸಿದ್ಧವಿತ್ತು. ಒಂದು ದಿನದ ಕಾಮಾಲೆಗೆ ಮೊದಲು ಆಕ್ಷೇಪಣೆ ಬರೆದವರೇ ಅವರಾದ್ದರಿಂದ ಈ ಸಲ ಯಾರೂ ಪ್ರಶ್ನಿಸದಂತೆ ಬರೆಯುವುದು ಹೇಗೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಅಫಿಡವಿಟ್ಟಿನ ಒಂದು ಪ್ರತಿ ನಿಯಮದಂತೆ ನಿಗಾ ಘಟಕಕ್ಕೂ ಹೋಯಿತು.

ಇದಾದ ಮೇಲೆ ಕೋರ್ಟಿನಲ್ಲಿ ಮುನಿಯಕ್ಕನ ಒಂದು ದಿನದ ಅರ್ಜಿ ಮತ್ತೆ ಬಂತು. ಈಗ ಎರಡೂ ಕಡೆಯವರು ರೋಗಿಗಳು. ಗುರುಶಿಷ್ಯರು ಕೂಡಿ ಒಂದು ಜಂಟಿ ಮನವಿ ಸಲ್ಲಿಸಿ, ಉಭಯ ಪಕ್ಷಕಾರರೂ ಗುಣಮುಖರಾಗುವ ತನಕ ವಿಚಾರಣೆ ಮುಂದೂಡಬೇಕೆಂದು ಕೋರಿದರು. ಕೋರ್ಟಿಗೂ ಅದು ಮಾನವೀಯವಾಗಿ ಕಂಡಿತು. ಹೊರಗೆ ಬಂದ ಮೇಲೆ ಮುನಿಯಕ್ಕ ಶ್ರೀನಿವಾಸಯ್ಯನವರನ್ನು ಕೇಳಿದರು.

"ಹಂಗಾದ್ರೆ ನನ್ನ ಅಪೀಲು ಯಾವಾಗ ಸ್ವಾಮಿ?"

"ಅಪೀಲಾ? ನೋಡಮ್ಮ, ಅಪೀಲು ಗೆದ್ರೆ ಏನ್ ಸಿಗತ್ತೆ?"

"ಸಂದಿ ಸಿಗತ್ತೆ."

"ಈಗ ಏನ್ ಸಿಕ್ಕಿದೆ?"

"ಸಂದಿ."

"ಗೆಲ್ತೀವೋ ಸೋಲ್ತೀವೋ ಯಾರಿಗ್ ಗೊತ್ತು. ಕಾಮಾಲೆ ಮಾತ್ರ ಗ್ಯಾರಂಟಿ. ವಾಸಿ ಆದ ದಿನ ಕಾರ್ಡ್ ವಾಪಸ್ ಕೊಡ್ಬೇಕು, ಅದನ್ನ ಮರೀಬೇಡಿ."

ಮುನಿಯಕ್ಕ ಆಟೋದಲ್ಲಿ ನನ್ನ ಜೊತೆ ಮನೆಗೆ ಬಂದರು. ಇಳಿಯುವಾಗ ನನಗೆ ಹೇಳಿದರು. "ಆಂಜಿನಯ್ಯನೋರೆ, ನಲವತ್ತು ವರ್ಷ ಈ ಸಂದೀಲಿ ನನ್ನ ಮನೆ ದಾರಿ ಅಂತ ಓಡಾಡ್ದೆ. ಈಗ ರೋಗಿ ಅಂತ ಓಡಾಡ್ಬೇಕು. ಆಗ್ಲಿ, ಕಾಲಿಗೆ ಗೊತ್ತಾಗಲ್ಲ ಬಿಡಿ. ವಾಸಿ ಆಗೋದು ಬೇಡ." ಆಕೆಯ ದನಿಯಲ್ಲಿ ಬೇಜಾರಿತ್ತು. ಆಮೇಲೆ ಆಕೆ ಕಾರ್ಡು ತೋರಿಸಿ ಒಳಗೆ ಹೋದರು.

ನಮ್ಮ ಮನೆಯವರಿಗೂ ಆ ಸಂದಿ ಆಚೆ ರಸ್ತೆಗೆ ಹತ್ತಿರದ ದಾರಿ. ಮೊಳೆ ಹೊಡೆದಿದ್ದ ನಮ್ಮ ಹಿಂಬಾಗಿಲನ್ನು ನಮ್ಮಲ್ಲಿ ಯಾರಿಗಾದರೂ ಕಾರ್ಡಿದ್ದರೆ ತೆಗೆದುಕೊಡುವುದಾಗಿಯೂ, ಸಂದಿ ಬಳಸಲಿಚ್ಛಿಸುವ ನೆರೆಹೊರೆಯವರು ಮೂವತ್ತು ದಿನದೊಳಗೆ ಅರ್ಜಿ ಹಾಕಬಹುದೆಂದೂ ಘಟಕ ಪ್ರಕಟಣೆ ಹೊರಡಿಸಿತು. ನಾನು ಮೊದಲನೆಯ ದಿನವೇ, ಕಚೇರಿ ಬಾಗಿಲು ತೆಗೆಯುವ ಮೊದಲೇ ಹೋಗಿ ಅರ್ಜಿ ಕೊಟ್ಟೆ. ನಾರಾಯಣಮ್ಮ, ಇದೆಲ್ಲ ಯಾರಿಗೆ ಬೇಕು ಎಂದು ಸುಮ್ಮನಿದ್ದು ಅವಧಿ ಮುಗಿದ ಮೇಲೆ ಕೊಟ್ಟಳು. ತಡವಾದದ್ದಕ್ಕೆ ಕಾರಣ ಕೇಳಿದರು, ಎಲ್ಲರೂ ಬರೆಯುವುದನ್ನೇ ಬರೆದಳು, ಒಂದು ವಾರದಲ್ಲಿ ಕಾರ್ಡು ಬಂತು. ನನ್ನ ಅರ್ಜಿಯ ಮೇಲೆ ಮಾತ್ರ ಹೀಗೊಂದು ಷರಾ ಬಿತ್ತು: ಅರ್ಜಿದಾರರು ಅರ್ಜಿಯನ್ನು ಅವಧಿಯೊಳಗೇ ಸಲ್ಲಿಸಿರುವುದರಿಂದ ಅವರಿಗೆ ಯಾವುದೇ ರೋಗವಿರುವುದು ಕಂಡುಬರುವುದಿಲ್ಲ, ತಿರಸ್ಕರಿಸಿದೆ.

ಮೊನ್ನೆ ಸಂಜೆ ನಾರಾಯಣಮ್ಮ ಮುನಿಯಕ್ಕನ ಮನೆಯಲ್ಲಿ ಕೂತಿದ್ದಳು. ಕಡುಬು ಮಾಡಿದ್ದು ಡಬ್ಬಿಯಲ್ಲಿದೆ, ತಂದುಕೊಡಿ ಎಂದು ನನಗೆ ಫೋನ್ ಮಾಡಿದಳು. ಕಾರ್ಡಿಲ್ಲದ ನಾನು ಹಿಂಬಾಗಿಲಿನಿಂದ ಹೋಗುವಂತಿಲ್ಲ. ಸುತ್ತಿಕೊಂಡು ಆಚೆ ರಸ್ತೆಗೆ ಹೋಗಿ ಸಂದಿಯ ಬಾಯಲ್ಲಿ ನಿಂತೆ. ಮನೋಹರ ಮೆಟ್ಟಿಲು ಇಳಿದು ಬರುತ್ತಿದ್ದ, ಕೊರಳಲ್ಲಿ ಹೊಸ ಹಳದಿ ಕಾರ್ಡು. ಒಳಗಿನಿಂದ ಬಂದ ಮುನಿಯಕ್ಕನನ್ನು ಕಂಡು ಗೋಡೆಗೆ ಒರಗಿ ದಾರಿ ಬಿಟ್ಟ.

"ಬನ್ನಿ ದೊಡ್ಡಮ್ಮ, ನೀವು ಸೀನಿಯರ್ ಪೇಷೆಂಟು."

"ನಿಂಗೆ ಯಾವಾಗ ಬಂತಪ್ಪ?"

"ಬುಧವಾರ ಸ್ಯಾಂಕ್ಷನ್ ಆಯ್ತು."

"ಒಳ್ಳೇದಾಯ್ತು ಬಿಡು. ವಾಣಿನೂ ಕರ್ಕೊಂಡ್ ಬಂದ್ಬಿಡು. ಅವಳದ್ದು ಹಾಕಿದೀಯಾ?"

"ನಂದು ಸ್ಯಾಂಕ್ಷನ್ ಆದ್ಮೇಲೆ ಮನೆಯೋರಿಗೆ ಮೂವತ್ತು ದಿನ ಟೈಮಂತೆ. ಮುಂದಿನ ತಿಂಗಳು ಲೇಟಾಗತ್ತೆ ದೊಡ್ಡಮ್ಮ, ಆಗ ಹಾಕ್ತೀನಿ."

ಇಬ್ಬರೂ ನಕ್ಕರು. ದಾವೆ ಶುರುವಾದ ಮೇಲೆ ಅವರಿಬ್ಬರು ಎದುರೆದುರು ನಿಂತು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ಸಂತೋಷವಾಗಿ, ಡಬ್ಬಿ ಹಿಡಿದು ಒಂದು ಹೆಜ್ಜೆ ಒಳಗಿಟ್ಟೆ. ತೇಜಶ್ರೀ ಕುರ್ಚಿಯಿಂದ ಎದ್ದಳು. ಅವಳು ಬಾಯಿ ತೆಗೆಯುವ ಮೊದಲೇ ಮುನಿಯಕ್ಕ ಕೈ ಅಡ್ಡ ಹಿಡಿದರು.

"ಆಂಜಿನಯ್ಯನೋರೆ, ಅಲ್ಲೇ ನಿಂತ್ಕೊಳಿ. ನಿಮಗಿನ್ನೂ ಏನೂ ಬಂದಿಲ್ವಲ್ಲ."

ನಾನು ಹೆಜ್ಜೆ ಹಿಂದಕ್ಕೆ ತೆಗೆದೆ. ಡಬ್ಬಿಯನ್ನು ಆಕೆ ನನ್ನ ಕೈಯಿಂದ, ಬೆರಳು ತಾಕದಂತೆ, ತೆಗೆದುಕೊಂಡರು. ತಿರಸ್ಕಾರದ ವಿರುದ್ಧ ಮೇಲ್ಮನವಿಗೆ ನನಗೆ ಮೂವತ್ತು ದಿನದ ಅವಕಾಶವಿದೆ. ಶ್ರೀನಿವಾಸಯ್ಯನವರನ್ನು ಕೇಳಿದ್ದಕ್ಕೆ, ಆತುರ ಮಾಡಬೇಡಿ, ಮೂವತ್ತೊಂದನೆಯ ದಿನ ಬನ್ನಿ ಎಂದಿದ್ದಾರೆ. ಅವತ್ತು ಹೋಗುತ್ತೇನೆ.